ಮಗುವಿನ ಸ್ಥಳಾಂತರ ಮತ್ತು ಪೋಷಕಧರ್ಮ

ಬೇರ್ಪಟ್ಟ ತಂದೆತಾಯಿಯರಲ್ಲಿ ಒಬ್ಬರು ಮಗುವನ್ನು ಕರೆದುಕೊಂಡು ದೂರದ ಊರಿಗೋ ಪರದೇಶಕ್ಕೋ ಹೋಗಿ ನೆಲೆಸಬಹುದೇ ಎಂಬುದನ್ನು ಇಂದು ನ್ಯಾಯಾಲಯಗಳು ತೀರ್ಮಾನಿಸುತ್ತವೆಯಾದರೂ, ಆ ಪ್ರಶ್ನೆಯ ತಳದಲ್ಲಿರುವುದು ಮಗು ಯಾರಿಗೆ ಸೇರಿದ್ದು, ಮಗುವಿಗೆ ಯಾರಿಂದ ಏನು ಸಲ್ಲಬೇಕು ಎಂಬ ಧರ್ಮಜಿಜ್ಞಾಸೆ. ಧರ್ಮಶಾಸ್ತ್ರಕಾರರಿಗೆ ಹೆಚ್ಚು ಆಸಕ್ತಿಯಿದ್ದುದು ಇದರ ಮೊದಲ ಭಾಗದಲ್ಲಿ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ಬೀಜ-ಕ್ಷೇತ್ರ ವಿಚಾರವು, ಅಂದರೆ ಫಲವು ಬಿತ್ತಿದವನಿಗೋ ಹೊಲದ ಒಡೆಯನಿಗೋ ಎಂಬ ವಾದವು, ಸಂತಾನವನ್ನು ಒಡೆತನದ ಲೆಕ್ಕದಲ್ಲೇ ಅಳೆಯುತ್ತದೆ. ಹೊಲವೆನಿಸಿಕೊಂಡ ತಾಯಿಯಂತೂ ಆ ವ್ಯಾಜ್ಯದಲ್ಲಿ ಕಕ್ಷಿದಾರಳೇ ಅಲ್ಲ.

ಈ ಲೆಕ್ಕಕ್ಕೆ ಸಿಗದ ಸಂಗತಿಯೊಂದು ಮಹಾಭಾರತದ ಆದಿಪರ್ವದಲ್ಲಿದೆ. ಶಂತನು ಕೊಟ್ಟ ಮಾತಿಗೆ ತಪ್ಪಿದಾಗ ಗಂಗೆ ಅವನನ್ನು ತೊರೆದು ಎಂಟನೆಯ ಮಗನೊಂದಿಗೆ ಹೊರಟುಹೋಗುತ್ತಾಳೆ. ಆ ದೇವವ್ರತನು ವಸಿಷ್ಠರಲ್ಲಿ ವೇದವನ್ನೂ ಪರಶುರಾಮರ ಅಸ್ತ್ರವಿದ್ಯೆಯನ್ನೂ ಕಲಿತನೆಂಬುದನ್ನು ನೋಡಿದರೆ ಅವನ ಹಿತಕ್ಕೆ ಕೊರತೆಯಾಯಿತೆಂದು ಯಾರೂ ಹೇಳಲಾರರು. ಆದರೆ ವರ್ಷಗಳ ಮೇಲೆ, ನದಿಯ ನೀರು ತಗ್ಗಿದ್ದೇಕೆಂದು ಹುಡುಕುತ್ತ ಬಂದ ಶಂತನು, ಬಾಣಗಳಿಂದ ಪ್ರವಾಹವನ್ನು ತಡೆದು ನಿಂತ ಹುಡುಗನನ್ನು ಕಂಡೂ ಗುರುತಿಸಲಾರದೆ ಹೋಗುತ್ತಾನೆ. ಏಕೆಂದರೆ ಅವನು ಆ ಮಗನನ್ನು ನೋಡಿದ್ದು ಹುಟ್ಟಿದಾಗ ಮಾತ್ರ. ಗಂಗೆಯೇ ಬಂದು, ಇವನು ನಿನ್ನ ಮಗನೆಂದು ಹೇಳಿ ಒಪ್ಪಿಸಬೇಕಾಯಿತು. ಅವಳು ಒಪ್ಪಿಸಿದಳೆಂಬುದು ದೊಡ್ಡದು. ಆದರೂ ಎಷ್ಟೇ ಉತ್ತಮವಾದ ಶಿಕ್ಷಣವೂ ಆ ಅಪರಿಚಯವನ್ನು ತುಂಬಿಕೊಡಲಿಲ್ಲ ಎಂಬುದನ್ನು ಕವಿ ಮುಚ್ಚಿಡುವುದಿಲ್ಲ. ಹೋಗುವಾಗಲೂ ಮರಳುವಾಗಲೂ ದೇವವ್ರತನನ್ನು ಯಾರೂ ಕೇಳಲಿಲ್ಲವೆಂಬುದು ಬೇರೆ ಮಾತು.

ಆಧುನಿಕ ಕಾನೂನು ಕೇಳುವುದನ್ನು ಕಲಿತಿದೆ. 1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮದಂತೆ ನ್ಯಾಯಾಲಯ ನೇಮಿಸಿದ ಪೋಷಕರು ಸಾಮಾನ್ಯವಾಗಿ ಅದರ ಅನುಮತಿಯಿಲ್ಲದೆ ಮಗುವನ್ನು ಅದರ ಅಧಿಕಾರವ್ಯಾಪ್ತಿಯಿಂದ ಹೊರಗೆ ಒಯ್ಯುವಂತಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮವು ಮಗುವಿನ ಕ್ಷೇಮವೇ ಪರಮ ಪರಿಗಣನೆ ಎನ್ನುತ್ತದೆ. 2010ರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಬಾಲಕನೊಡನೆ ತಾವೇ ಮಾತನಾಡಿ, ತಾಯಿ ಅವನನ್ನು ಆಸ್ಟ್ರೇಲಿಯಕ್ಕೆ ಕರೆದೊಯ್ಯುವುದನ್ನು ಒಪ್ಪಿದರು. 2020ರಲ್ಲಿ ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೊರಟ ತಾಯಿಯೊಬ್ಬರ ವಿಷಯದಲ್ಲಿಯೂ ಅನುಮತಿ ದೊರೆಯಿತು.

ಕ್ಷೇಮವೆಂಬ ಮಾನದಂಡ ಒಡೆತನಕ್ಕಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲವಾದರೂ, ಶಾಲೆ, ವರಮಾನ, ಮನೆಗಳನ್ನು ತೂಗುವಷ್ಟು ಸಲೀಸಾಗಿ ಅದು ಸಂಬಂಧವನ್ನು ತೂಗಲಾರದು. ಇಲ್ಲಿ ಋಣದ ಕಲ್ಪನೆ ನೆರವಿಗೆ ಬರುತ್ತದೆ. ದೇವ, ಋಷಿ, ಪಿತೃಗಳಿಗೆ ಮನುಷ್ಯ ಹುಟ್ಟಿನಿಂದಲೇ ಸಾಲಗಾರನೆಂಬ ವೈದಿಕ ನಂಬಿಕೆಯಲ್ಲಿ ಮಗುವೇ ಯಾವಾಗಲೂ ತೀರಿಸಬೇಕಾದವನು. ದಾಂಪತ್ಯ ಮುರಿದಲ್ಲಿ ಈ ದಿಕ್ಕು ತಿರುಗುತ್ತದೆನ್ನಬೇಕು. ಕೇಳದೆಯೇ ಬೇರ್ಪಡುವಿಕೆಗೆ ಒಳಗಾದ ಮಗುವಿಗೆ ತಂದೆತಾಯಿಯರೇ ಸಾಲಗಾರರು, ಮತ್ತು ಅಂತರವನ್ನು ಹೆಚ್ಚಿಸುವವರ ಪಾಲಿನ ಸಾಲ ಹೆಚ್ಚು. ಅದನ್ನು ತೀರಿಸುವ ಬಗೆ ಬಹಳ ಸಣ್ಣ ಸಂಗತಿಗಳಲ್ಲಿದೆ. ಬೆಂಗಳೂರಿನಲ್ಲಿ ಸಂಜೆ ಏಳಾದಾಗ ಸಿಂಗಾಪುರದಲ್ಲಿ ರಾತ್ರಿ ಒಂಬತ್ತೂವರೆ. ತಂದೆ ಕಚೇರಿಯಿಂದ ಬಂದು ವಿಡಿಯೊ ಕರೆ ಮಾಡುವ ಹೊತ್ತಿಗೆ ಮಗುವಿಗೆ ನಿದ್ದೆ ಎಳೆಯುತ್ತಿರುತ್ತದೆ. ಆ ಎರಡೂವರೆ ತಾಸನ್ನು ಹೊಂದಿಸಿಕೊಡುವುದು ಕರೆದೊಯ್ದವರ ಕರ್ತವ್ಯ. ಉಳಿದವರಿಗೂ ಕರ್ತವ್ಯವಿಲ್ಲದಿಲ್ಲ: ಮಗುವಿನ ನೆಪದಲ್ಲಿ ಹಳೆಯ ಸಂಗಾತಿಯ ಉದ್ಯೋಗವನ್ನೂ ಬದುಕನ್ನೂ ಒಂದೇ ಊರಿಗೆ ಕಟ್ಟಿಹಾಕಲು ಹೊರಟ ತಕರಾರು ಅರ್ಜಿಯು ಪಿತೃಪ್ರೇಮದ ಭಾಷೆಯಲ್ಲಿದ್ದರೂ ಮತ್ತೆ ಹೊಲದ ಒಡೆಯನ ವಾದವೇ ಆಗಿರಬಹುದು.