ಯಾರಿಗೆ ಬಂದಿತ್ತು?

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸ್ಪೆಲ್ಲಿಂಗ್ ಬೀಗೆ ತಯಾರಾಗುತ್ತಿರುವ ಮಕ್ಕಳಿದ್ದರೆ ಈ ದೃಶ್ಯ ನಿಮಗೆ ಹೊಸದಲ್ಲ. ಫ್ರೀಮಾಂಟ್‌ನಲ್ಲಿ ಗೆಳೆಯನ ಮನೆ. ಊಟ ಮುಗಿಸಿ ಎಲ್ಲರೂ ಅಡುಗೆಮನೆಯ ಬಿಳಿ ಕೌಂಟರ್ ಸುತ್ತ ನಿಂತಿದ್ವಿ. ಗೆಳೆಯ ತನ್ನ ಹತ್ತು ವರ್ಷದ ಮಗಳನ್ನು ಕರೆದು, "ಆ ಉದ್ದದ ವರ್ಡ್ ಹೇಳು ಪುಟ್ಟಿ" ಅಂದ. ಅವಳು ಒಂದೇ ಉಸಿರಿಗೆ ಹೇಳಿದಳು: ನ್ಯೂಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. ಆಮೇಲೆ ಉಚ್ಚಾರಕ್ಕೇ ಬಾರದ ಮೊದಲ 'ಪಿ'ಯಿಂದ ಹಿಡಿದು 45 ಅಕ್ಷರಗಳನ್ನೂ ಒಂದೊಂದಾಗಿ ಬಿಡಿಸಿದಳು. ಚಪ್ಪಾಳೆಯೋ ಚಪ್ಪಾಳೆ.

ಆರು ತಿಂಗಳಿಗೆಂದು ಬಂಗಾರಪೇಟೆಯಿಂದ ಬಂದಿದ್ದ ಅವಳ ಅಜ್ಜಿ "ಹಂಗಂದ್ರೇನಮ್ಮಾ?" ಅಂದರು. ಹುಡುಗಿ ಅದಕ್ಕೂ ರೆಡಿ ಇದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಧೂಳು ಉಸಿರಲ್ಲಿ ಒಳಗೆ ಹೋಗಿ ಶ್ವಾಸಕೋಶಕ್ಕೆ ಬರೋ ಕಾಯಿಲೆ, ಅಂದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಯಾರಿಗೆ ಬಂದಿತ್ತು?"

ಹುಡುಗಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಿಜ ಹೇಳ್ತೀನಿ, ಆ ಕ್ಷಣಕ್ಕೆ ನನಗೂ ಆಗಲಿಲ್ಲ.

ಸ್ಪೆಲ್ಲಿಂಗ್ ಬೀ ವೇದಿಕೆಯ ಮೇಲೆ ಮಕ್ಕಳು ಪದದ ಅರ್ಥ ಕೇಳಬಹುದು, ಯಾವ ಭಾಷೆಯಿಂದ ಬಂತು ಅಂತ ಕೇಳಬಹುದು, ಒಂದು ವಾಕ್ಯದಲ್ಲಿ ಬಳಸಿ ತೋರಿಸಿ ಅನ್ನಬಹುದು. 1985ರಲ್ಲಿ ಬಾಲು ನಟರಾಜನ್ ಗೆದ್ದಾಗಿನಿಂದ ಇದು ನಮ್ಮವರಿಗೆ ಹೆಚ್ಚುಕಡಿಮೆ ಮನೆಹಬ್ಬ. ನನಗೂ ಈ ಆಟ ಇಷ್ಟ, ಅದನ್ನು ಹೀಗಳೆಯೋಕೆ ಇದನ್ನು ಬರೀತಿಲ್ಲ. (ಬರೆದ ಹಾಗೆ ಓದುವ ಕನ್ನಡದಲ್ಲಿ ಇಂಥ ಸ್ಪರ್ಧೆ ನಡೆಸೋದು ಕಷ್ಟ, ಅದು ಬೇರೆ ಮಾತು.) ಆದರೆ "ಯಾರಿಗೆ ಬಂದಿತ್ತು" ಅನ್ನೋದು ಅಲ್ಲಿ ಕೇಳಬಹುದಾದ ಪ್ರಶ್ನೆಗಳ ಪಟ್ಟಿಯಲ್ಲಿಲ್ಲ.

ಮನೆಗೆ ಬಂದು ಆ ಪದದ ಹಿಂದೆ ಬಿದ್ದೆ. ಅದನ್ನು ಕಟ್ಟಿದ್ದು ವೈದ್ಯರಲ್ಲ. 1935ರಲ್ಲಿ ಅಮೆರಿಕದ ನ್ಯಾಷನಲ್ ಪಜ಼ಲರ್ಸ್ ಲೀಗ್ ಎಂಬ ಒಗಟುಪ್ರಿಯರ ಸಂಘದ ಅಧ್ಯಕ್ಷ ಎವೆರೆಟ್ ಸ್ಮಿತ್, ಅತಿ ಉದ್ದದ ಪದ ಇರಲಿ ಅಂತಲೇ ಜೋಡಿಸಿದ್ದು. ವೈದ್ಯರು ಆ ಕಾಯಿಲೆಗೆ ಸಿಲಿಕೋಸಿಸ್ ಅಂತಾರೆ, ಅಷ್ಟೇ. ತಮಾಷೆಯ ಪದ ಆಮೇಲೆ ನಿಘಂಟನ್ನೂ ಸೇರಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಇಸವಿ. ಅದಕ್ಕೆ ನಾಲ್ಕೈದು ವರ್ಷ ಮುಂಚೆಯಷ್ಟೇ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್‌ನಲ್ಲಿ ಬೆಟ್ಟ ಕೊರೆದು ಸುರಂಗ ಮಾಡಿದ್ದರು. ಕೊರೆದವರಲ್ಲಿ ಹೆಚ್ಚಿನವರು ಕೆಲಸ ಹುಡುಕಿ ಬಂದಿದ್ದ ಕಪ್ಪು ಜನ. ಬಂಡೆಯ ತುಂಬ ಸಿಲಿಕಾ. ನೀರು ಹಾಯಿಸದೆ ಒಣದಾಗಿಯೇ ಕೊರೆಸಿದರು, ನೂರಾರು ಜನ ಸತ್ತರು. 1936ರಲ್ಲಿ ಅಮೆರಿಕದ ಕಾಂಗ್ರೆಸ್ ಅದರ ವಿಚಾರಣೆ ನಡೆಸಿತು. ಒಂದು ಕಡೆ ಅದೇ ಧೂಳು ಒಗಟು, ಇನ್ನೊಂದು ಕಡೆ ಹೆಣ.

ಅಜ್ಜಿಗೆ ಆ ಪ್ರಶ್ನೆ ಯಾಕೆ ಬಂತು ಅಂತ ಆ ರಾತ್ರಿಯೇ ಗೊತ್ತಾಗಿತ್ತು. ಅವರ ಅಣ್ಣ ಕೆಜಿಎಫ್‌ನಲ್ಲಿ ಗಣಿಗೆ ಇಳಿಯುತ್ತಿದ್ದವರು. ಅಲ್ಲಿ ಚಿನ್ನ ಇರೋದು ಬೆಣಚುಕಲ್ಲಿನಲ್ಲಿ, ಅಂದರೆ ಸಿಲಿಕಾದಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಭಾರತದಲ್ಲಿ ಈ ಕಾಯಿಲೆಯ ಬಗ್ಗೆ ಬರೆಯುವ ವೈದ್ಯರು ಸಾಮಾನ್ಯವಾಗಿ 1947ರ ಕೋಲಾರದ ವರದಿಯಿಂದ ಶುರು ಮಾಡುತ್ತಾರೆ. 2001ರಲ್ಲಿ ಗಣಿ ಮುಚ್ಚಿತು. "ಎದೇಲಿ ಧೂಳು ಕೂತೈತೆ ಅಂತಿದ್ರು. ಚೀಟೀಲಿ ಮಾತ್ರ ಟಿಬಿ ಅಂತ ಬರೆದ್ರು," ಅಂದರು ಅಜ್ಜಿ. "ಐವತ್ತು ದಾಟಲಿಲ್ಲ."

ಉದ್ದದ ಇಂಗ್ಲಿಷ್ ಪದ ಬರೀ ಆಡಂಬರ, ನಮ್ಮ ಜನರ ಸಣ್ಣ ಮಾತೇ ಸತ್ಯ ಅಂತ ಬರೆದುಬಿಡೋಣ ಅಂದುಕೊಂಡಿದ್ದೆ. ಆ ಚೀಟಿಯ ಮಾತು ಅದಕ್ಕೆ ಅಡ್ಡ ಬಂತು. "ಎದೆಯ ಧೂಳು" ಅಂದರೆ ಪರಿಹಾರದ ಹಣ ಬರಲ್ಲ. ಟಿಬಿ ಅಂದರೂ ಬರಲ್ಲ, ಅದು ಯಾರಿಗೆ ಬೇಕಾದರೂ ಬರುವ ರೋಗ, ಗಣಿಗೆ ಸಂಬಂಧ ಇಲ್ಲ ಅಂತ ಕೈತೊಳೆದುಕೊಳ್ಳಬಹುದು. ಸಿಲಿಕೋಸಿಸ್ ಅಂತ ಬರೆದರೆ ಮಾತ್ರ ಧೂಳು ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಏಳುತ್ತೆ. ಆ ಮನೆಗೆ ಬೇಕಾಗಿದ್ದದ್ದೇ ಆ ಇಂಗ್ಲಿಷ್ ಪದ. ಯಾರೂ ಅದನ್ನು ಬರೆದುಕೊಡಲಿಲ್ಲ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಹಿಂದಿನ ಒಂದು ಕೆಲಸದಲ್ಲಿ ಆಸ್ಪತ್ರೆಗಳ ಡೇಟಾ ಕ್ಲೀನ್ ಮಾಡ್ತಿದ್ದೆ. ಅಪರೂಪದ ಕಾಯಿಲೆಗಳ ಕೋಡ್‌ಗಳನ್ನೆಲ್ಲ ಒಟ್ಟು ಮಾಡಿ "ಇತರೆ" ಅನ್ನೋ ಒಂದೇ ಡಬ್ಬಕ್ಕೆ ಹಾಕೋದು ನಮ್ಮಲ್ಲಿ ಮಾಮೂಲು, ಇಲ್ಲದಿದ್ದರೆ ಮಾಡೆಲ್ ಹಳ್ಳ ಹಿಡಿಯುತ್ತೆ. ಸಿಲಿಕಾ ಧೂಳಿನ ಕಾಯಿಲೆಗೆ ಕೋಡ್ ಜೆ62. ಅದನ್ನೂ ಹಾಕಿದ್ದೆ. 45 ಅಕ್ಷರ ಮೂರಕ್ಕೆ ಇಳಿದಿತ್ತು, ನಾನು ಆ ಮೂರನ್ನೂ ಅಳಿಸಿದೆ. ಲೆಕ್ಕದ ಮಟ್ಟಿಗೆ ಅದು ಸರಿಯಾದ ಕೆಲಸವೇ. ಆದರೆ ಆ ಸಾಲುಗಳಲ್ಲಿ ಯಾರಿದ್ದರು ಅಂತ ಒಂದು ಸಲವೂ ನೋಡಿರಲಿಲ್ಲ.

ಯಾರಿರಬಹುದಿತ್ತು ಅನ್ನೋದನ್ನು ಈಗ ಊಹಿಸಬಲ್ಲೆ. ನಾವು ಸುತ್ತ ನಿಂತಿದ್ದ ಆ ಬಿಳಿ ಕೌಂಟರ್ ಇತ್ತಲ್ಲ, ಕೃತಕ ಕ್ವಾರ್ಟ್ಸ್, ಅದರಲ್ಲಿ ಶೇಕಡಾ 90ಕ್ಕೂ ಹೆಚ್ಚು ಸಿಲಿಕಾ ಇರಬಹುದು. ಅಡುಗೆಮನೆಯಲ್ಲಿ ಕೂತ ಮೇಲೆ ಅದರಿಂದ ಅಪಾಯವಿಲ್ಲ, ನಿಶ್ಚಿಂತೆಯಿಂದ ಚಪಾತಿ ಲಟ್ಟಿಸಿ. ಕೊಯ್ದು ಉಜ್ಜಿ ಪಾಲಿಶ್ ಮಾಡುವವರಿಗೆ ಅಪಾಯ. ಕ್ಯಾಲಿಫೋರ್ನಿಯಾದಲ್ಲಿ ಅವರಲ್ಲಿ ಹೆಚ್ಚಿನವರು ಲ್ಯಾಟಿನ್ ಅಮೆರಿಕದಿಂದ ಬಂದವರು, ಎಷ್ಟೋ ಜನ ನನ್ನ ವಯಸ್ಸಿನವರು. ಕೆಲವರಿಗೆ ಶ್ವಾಸಕೋಶವನ್ನೇ ಬದಲಾಯಿಸಬೇಕಾಗಿ ಬಂದಿದೆ. 2023ರ ಕೊನೆಯಲ್ಲಿ ರಾಜ್ಯ ತುರ್ತು ನಿಯಮ ತಂದಿತು. ಆಸ್ಟ್ರೇಲಿಯಾ 2024ರ ಜುಲೈನಿಂದ ಆ ಕಲ್ಲನ್ನೇ ನಿಷೇಧಿಸಿದೆ.

ಇದನ್ನು ಗೆಳೆಯನಿಗೆ ಹೇಳಿದೆ. "ಈಗೇನು, ಕೌಂಟರ್ ಕಿತ್ತು ಹಾಕ್ಲಾ?" ಅಂದ. ಕಿತ್ತರೆ ಆ ಧೂಳು ಕುಡಿಯುವವರೂ ಅದೇ ಜನ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನ ಮಗಳು ಮಾತ್ರ ಮಾರನೇ ದಿನ ವರ್ಡ್ ಲಿಸ್ಟ್ ಪುಸ್ತಕ ಹಿಡ್ಕೊಂಡು ಅಜ್ಜಿ ಹತ್ತಿರ ಕೂತಿದ್ದಳಂತೆ. ಆ ತಾತನ ಹೆಸರು ಕೇಳಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಸ್ಪೆಲ್ಲಿಂಗ್ ಸರೀನಾ ಅಂತ ತೋರಿಸಿದಳಂತೆ. "ನಂಗೇನು ಗೊತ್ತಮ್ಮಾ," ಅಂದರಂತೆ ಅಜ್ಜಿ, "ಅವನು ಹೆಬ್ಬೆಟ್ಟು ಒತ್ತುತಿದ್ದ."