ನಿರೀಕ್ಷೆ ಅಂದ್ರ ಬರೇ ಕಾಯೂದೇನು?

ಕನ್ನಡ ಬೈಬಲ್ಲಿನಲ್ಲಿ ಭರವಸೆಗೆ ಹಾಕಿರುವ ಶಬ್ದ ‘ನಿರೀಕ್ಷೆ’. ನಮ್ಮ ಕಡೆ ನಿರೀಕ್ಷೆ ಅಂದರೆ ದಾರಿ ಕಾಯುವುದು. ಮಳಿ ಕಾಯೂದು, ಕಾಲುವಿ ನೀರು ಕಾಯೂದು, ಗೋವಾಕ್ಕೆ ಗುಳೆ ಹೋದ ಮಗನ ದಾರಿ ಕಾಯೂದು. ಭೀಮೆಯ ಕಡೆಯ ಇಂಡಿ, ಸಿಂದಗಿಯಿಂದ ಕೃಷ್ಣೆಯ ಕಡೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತನಕ ದಲಿತ ಕೇರಿಗೆ ಕಾಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಗೌಡನ ಕಟ್ಟಿ ಮುಂದೆ ಕೆರ ಬಿಡಿಸಿ ನಿಲ್ಲಿಸಿದವರು ಹೇಳಿದ್ದೂ ತಾಳ್ಮೆಯನ್ನೇ. ಸತ್ತ ಮ್ಯಾಲೆ ಪರಲೋಕ ಐತಿ, ಅಲ್ಲೀತನಕ ತಡಕೋ ಅಂತ ಬೋಧಕನೂ ಹೇಳಿದರೆ ಕೇರಿಯವನಿಗೆ ಏನು ಫರಕು?

‘ನೀತಿ’ ಅನ್ನುವ ಶಬ್ದದ ಗತಿಯೂ ಇದೇ. ನ್ಯಾಯ ಅನ್ನುವ ಅರ್ಥವೂ ಇರುವ ಗ್ರೀಕ್ ಶಬ್ದಕ್ಕೆ ನಮ್ಮ ಭಾಷಾಂತರಕಾರರು ಬಹಳ ಕಡೆ ನೀತಿ ಅಂತ ಬರೆದರು. ನೀತಿ ಅಂದಕೂಡಲೆ ಶಾಲೆಯ ಪಾಠ ನೆನಪಾಗುತ್ತದೆ. ಸುಳ್ಳು ಹೇಳಬ್ಯಾಡ, ಕುಡೀಬ್ಯಾಡ, ಹಿರ್‍ಯಾರಿಗೆ ಎದುರು ಮಾತಾಡಬ್ಯಾಡ. ಕುಡಿಯೂದು ಬಿಡಲಿ, ಒಳ್ಳೇದೇ. ಆದರೆ ಕೂಲಿ ಮುರಿದುಕೊಂಡ ಧಣಿಯ ಬಗ್ಗೆ ಆ ಪಾಠ ಬಾಯಿ ಬಿಡುವುದಿಲ್ಲ. ಯಾಕೋಬನ ಪತ್ರಿಕೆ ಬಿಡುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ತಾನೇ ಚೀರುತ್ತದೆ, ಅದು ದೇವರಿಗೆ ಕೇಳಿಸಿದೆ ಅಂತ ಅದರ ಐದನೆಯ ಅಧ್ಯಾಯ ಸಾಹುಕಾರರ ಮುಖಕ್ಕೇ ಹೇಳುತ್ತದೆ.

ಅಂಬೇಡ್ಕರ್ ಈ ಮರ್ಮ ಹಿಡಿದಿದ್ದರು. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯ ಬಗ್ಗೆ ಬರೆಯುವಾಗ, ಅವರ ಅಧೋಗತಿಗೆ ಸಮಾಜವಲ್ಲ, ಅವರ ಪಾಪವೇ ಕಾರಣ ಅನ್ನುವ ಬೋಧನೆಯನ್ನು ಟೀಕಿಸಿದರು. ನಿನ್ನೆ ಕರ್ಮ ಅಂದರು, ಇವತ್ತು ಪಾಪ ಅಂದರು. ಹೊರೆ ಅದೇ ತಲೆಯ ಮೇಲೆ! ಆದರೆ ಕುರಿ ಕಾಯುತ್ತಿದ್ದ ಆಮೋಸ ಪಾಪವನ್ನು ಹುಡುಕಿದ್ದು ಬಡವನ ಎದೆಯಲ್ಲಲ್ಲ. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರುವವರ ಲೆಕ್ಕದಲ್ಲಿ.

ಕೆರದ ಮಾತು ಬಂತು. ಸೂಸೈ ಅನ್ನುವ ಚಮ್ಮಾರನ ಅರ್ಜಿಯ ತೀರ್ಪು ಸುಪ್ರೀಂ ಕೋರ್ಟಿನಲ್ಲಿ ಬಂದದ್ದು 1985ರಲ್ಲಿ. ಮದ್ರಾಸಿನ ರಸ್ತೆ ಬದಿಯ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರಕಾರ ಕೊಟ್ಟ ಪೆಟ್ಟಿಗೆ ಅಂಗಡಿ ಇವನಿಗೆ ಸಿಗಲಿಲ್ಲ. ಇವನು ಕ್ರೈಸ್ತ. ಅದೇ ರಂಪಿಗಿ, ಅದೇ ದಾರ, ಅದೇ ಧೂಳು. ಮತ ಬದಲಾದ ಮೇಲೂ ಜಾತಿಯ ಸಂಕಟ ಹಾಗೇ ಉಳಿದಿದೆ ಅನ್ನುವುದಕ್ಕೆ ಪುರಾವೆ ಸಾಲದು ಅಂದಿತು ಕೋರ್ಟು. ಪರಿಶಿಷ್ಟ ಜಾತಿಗಳ 1950ರ ಆದೇಶದ ಬಾಗಿಲು 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆಯಿತು. ಕ್ರೈಸ್ತರಿಗೆ, ಮುಸಲ್ಮಾನರಿಗೆ ತೆರೆಯಲಿಲ್ಲ. 2022ರ ಕರ್ನಾಟಕದ ಮತಾಂತರ ಕಾಯ್ದೆ ಇನ್ನೂ ಮುಂದೆ ಹೋಯಿತು. ಹೆಚ್ಚಿನ ಶಿಕ್ಷೆಯ ಕಲಮಿನಲ್ಲಿ ಅಪ್ರಾಪ್ತರು, ಹೆಂಗಸರು, ಬುದ್ಧಿ ಸ್ವಾಧೀನವಿಲ್ಲದವರು, ಅವರ ಸಾಲಿಗೇ ಪರಿಶಿಷ್ಟರು. ದಲಿತನಿಗೆ ತನ್ನ ದೇವರನ್ನು ಆರಿಸಿಕೊಳ್ಳುವ ಬುದ್ಧಿ ಇಲ್ಲ ಅಂತ ಶಾಸನವೇ ಬರೆದಂತಾಯಿತು.

ಹಾಗಂತ ಚರ್ಚು ಶುದ್ಧವೇನು? ತಿರುಚಿರಾಪಳ್ಳಿಯ ಮೇಲಪುದೂರಿನ ಸ್ಮಶಾನದಲ್ಲಿ ದಲಿತ ಕ್ರೈಸ್ತರ ಗೋರಿಗಳನ್ನು ಬೇರೆ ಇಡಲು ಗೋಡೆ ಕಟ್ಟಿದವರು ಕ್ರೈಸ್ತರೇ. ಪುನರುತ್ಥಾನ ನಂಬುವವರು ಹೆಣಕ್ಕೂ ಗೋಡೆ ಹಾಕಿದರು.

ಶಿಲುಬೆಯನ್ನು ನಾವು ಕೊರಳಿಗೆ ಹಾಕಿಕೊಂಡು ಮರೆತಿದ್ದೇವೆ. ಅದು ರಾಜ್ಯ ಕೊಟ್ಟ ಮರಣದಂಡನೆ. ಬಾಗೇವಾಡಿಯ ನೆಲಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಹುಟ್ಟಿದ ಬಸವಣ್ಣನ ಕಾಲದಲ್ಲೇ, ಕಲ್ಯಾಣದಲ್ಲಿ, ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡದ್ದಕ್ಕೆ ಸಮಗಾರ ಹರಳಯ್ಯನನ್ನು ಕೊಲ್ಲಿಸಿದರು, ಮಧುವರಸನನ್ನೂ ಕೊಲ್ಲಿಸಿದರು. ಅರಮನೆಯ ತೀರ್ಪೇ ಕಡೆಯದು ಅಂತ ಒಪ್ಪದೆ ಇರುವುದಕ್ಕೆ ನಾನು ನಿರೀಕ್ಷೆ ಅನ್ನುತ್ತೇನೆ. ಅದರಲ್ಲಿ ಕಾಯುವಿಕೆಗಿಂತ ಹಟ ಜಾಸ್ತಿ.

ಇನ್ನು ದ್ರಾಕ್ಷಿ ಪಡದ ಸಾಮತಿ, ಮತ್ತಾಯನ ಇಪ್ಪತ್ತನೆಯ ಅಧ್ಯಾಯದ್ದು. ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿ ಪಡ ನೋಡದವರು ಯಾರಿದ್ದಾರೆ? ಮಾಲೀಕ ನಸುಕಿನಲ್ಲಿ ಆಳು ಕರೆದ, ಮತ್ತೆ ಮತ್ತೆ ಕರೆದ. ಹೊತ್ತು ಮುಳುಗಲು ಒಂದು ತಾಸಿರುವಾಗಲೂ ಪೇಟೆಯಲ್ಲಿ ಮಂದಿ ನಿಂತಿದ್ದರು. ಯಾಕ ಖಾಲಿ ನಿಂತೀರಿ ಅಂದ. ನಮ್ಮನ್ನ ಯಾರೂ ಕರೀಲಿಲ್ಲ ಅಂದರು. ಸಂಜೆಗೆ ಎಲ್ಲರಿಗೂ ಪೂರ್ತಿ ದಿನದ ಕೂಲಿ. ಬೋಧಕರು ಇದನ್ನು ಕೃಪೆಯ ಕಥೆ ಅನ್ನುತ್ತಾರೆ. ಕೂಲಿಯವರಿಗೆ ಬೇರೆ ಕೇಳಿಸುತ್ತದೆ: ಸಂಜೀತನಕ ನಿಂತಾಂವನ ಮನ್ಯಾಗೂ ಒಲಿ ಹೊತ್ತಬೇಕಲ್ಲ! ಕೊನೆತನಕ ಯಾರೂ ಕರೆಯದವರು ಯಾರು? ಮುದುಕರು, ಮೈಯಾಗ ಹುಷಾರಿಲ್ಲದವರು, ಕೂಸು ಎತ್ತಿಕೊಂಡ ವಿಧವೆ.

ಮುಂಜಾನೆ ಬಂದವರು ಗೊಣಗಿದರು. ಅವರ ಬೆವರಿಗೂ ಬೆಲೆ ಇದೆ, ಅದನ್ನು ಹಗುರ ಮಾಡಲಾರೆ. ಇನ್ನೊಂದು ತಕರಾರು ನನ್ನದೇ ಇದೆ. ಪಡ ಮಾಲೀಕನದಾಗಿಯೇ ಉಳಿಯಿತು. ನಾಳೆ ಅವನ ಮನಸ್ಸು ಕೆಟ್ಟರೆ? ಧಣಿಯ ಒಳ್ಳೆಯತನದ ಮೇಲೆ ಹೊಟ್ಟೆ ನಡೆಯಬಾರದು. ಅದಕ್ಕೇ ಕಾಯ್ದೆ ಬೇಕು, ಸಂಘಟನೆ ಬೇಕು. ಗಂಡಾಳಿಗೂ ಹೆಣ್ಣಾಳಿಗೂ ಸಮಾನ ಕೂಲಿ ಅನ್ನುವ ಕಾಯ್ದೆ 1976ರಲ್ಲೇ ಬಂತು. ಈ ಸಾಮತಿ ಓದಿದ ಭಾನುವಾರ, ಸಭೆಯಲ್ಲಿ ಒಬ್ಬಾಕಿ ಎದ್ದು, ‘ನನಗ್ಯಾಕ ಕಮ್ಮಿ ಕೊಡತಾರ, ಅಯ್ಯನವರ?’ ಅಂದರೆ, ಪ್ರಾರ್ಥನಾ ಮಾಡೂಣು, ಕೂಡವ್ವಾ ಅಂತಾರೋ, ಸೋಮವಾರ ಆಕೆಯ ಜೊತೆ ಹೊಲದ ಬದುವಿನ ತನಕ ಬರತಾರೋ?