ಹೊತ್ತು ಮುಳುಗುವ ಮುನ್ನ: ತಡಮಾಡದ ವಿಧೇಯತೆಯ ಮೀಮಾಂಸೆ

ವಿಷಯ

ದೇವರ ಆಜ್ಞೆ ಇದೇ ಎಂದು ತಿಳಿದ ಮೇಲೆ ಅದನ್ನು ಕೂಡಲೇ ಮಾಡಬೇಕೇ, ಇಲ್ಲವೇ ಎಂದಾದರೂ ಮಾಡಿದರೆ ಸಾಕೇ? ಕೂಡಲೇ ಮಾಡಬೇಕೆಂಬುದು ಇಲ್ಲಿಯ ಪಕ್ಷ. ಆಜ್ಞೆಯ ಆಚೆ ಬದಿಯಲ್ಲಿ ಬಹಳ ಸಲ ಇನ್ನೊಬ್ಬರು ಕಾಯುತ್ತಿರುತ್ತಾರೆ. ನಮ್ಮ ತಡದ ಬೆಲೆ ತೆರುವವರು ಅವರೇ.

ಪ್ರಮಾಣ

ಬಡ ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ವಿಧಿಸುತ್ತದೆ. ಅವನು ಅದನ್ನೇ ನೆಚ್ಚಿಕೊಂಡಿದ್ದಾನೆ ಎಂಬ ಕಾರಣವನ್ನೂ ಹೇಳುತ್ತದೆ. ಸಂಜೆ ಕೈಕಾಲು ತೊಳೆದು, ಗುದ್ದಲಿಯನ್ನು ಗೋಡೆಗೆ ಒರಗಿಸಿ, ಜಗಲಿಯಂಚಿನಲ್ಲಿ ನಿಂತವನನ್ನು ನೋಡಿ. ಅಂಗಡಿ ಮುಚ್ಚುವುದರೊಳಗೆ ಅವನು ಅಕ್ಕಿ ಕೊಳ್ಳಬೇಕು. ‘ಚಿಲ್ಲರೆಯಿಲ್ಲ, ನಾಳೆ ಬಾ’ ಎಂದರೆ ನಾಳೆಯೂ ಅಷ್ಟೇ ಹಣ ಸಿಕ್ಕೀತು. ಆದರೆ ಆ ರಾತ್ರಿ ಒಲೆ ಉರಿಯದು. ಆದ್ದರಿಂದ ಕಾಲವೂ ಆಜ್ಞೆಯ ಅಂಗವೇ.

ರೋಮನ್ ಅಧಿಪತಿ ಫೇಲಿಕ್ಸನ ಪ್ರಸಂಗವೂ (ಅಪೊಸ್ತಲರ ಕೃತ್ಯಗಳು 24) ಇದನ್ನೇ ತೋರಿಸುತ್ತದೆ. ತನ್ನ ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಮಾತಿಗೆ ಅವನು ನಡುಗಿದ, ಆದರೆ ಬಿಡುವಾದಾಗ ಕರೆಸುತ್ತೇನೆಂದು ಮುಂದೂಡಿದ. ಎರಡು ವರ್ಷ ಕಳೆದು ಅವನು ಅಧಿಕಾರ ಬಿಟ್ಟಾಗಲೂ ಪೌಲ ಸೆರೆಯಲ್ಲೇ ಇದ್ದ.

ಮೊದಲ ಆಕ್ಷೇಪ

‘ಆತುರಗಾರನಿಗೆ ಬುದ್ಧಿ ಮಟ್ಟ. ಆತ್ಮಗಳನ್ನು ಪರೀಕ್ಷಿಸಿರೆಂದು ಯೋಹಾನನೇ ಬರೆದಿದ್ದಾನಲ್ಲ?’

ಸಮಾಧಾನ: ಪರೀಕ್ಷಿಸಲೇಬೇಕು. ಸಭೆಯ ಹಿರಿಯರು ‘ಇದು ದೇವರ ಚಿತ್ತ’ ಎಂದು ಹೇಳಿದ ಮಾತ್ರಕ್ಕೆ ಮನೆ ಮಾರುವುದು ವಿಧೇಯತೆಯಾಗದು. ಆದರೆ ಕೂಲಿ ಕೊಡಬೇಕೇ, ಸುಳ್ಳು ಬಿಡಬೇಕೇ ಎಂಬಲ್ಲಿ ಪರೀಕ್ಷಿಸಲು ಏನುಳಿದಿದೆ? ತಿಳಿಯದ ಕಡೆ ತಾಳ್ಮೆ ವಿವೇಕ. ತಿಳಿದ ಕಡೆ ಅದೇ ತಾಳ್ಮೆ ನೆಪ. ‘ಇನ್ನೂ ಪ್ರಾರ್ಥಿಸುತ್ತಿದ್ದೇನೆ’ ಎನ್ನುವವರು ತಾವು ಯಾವ ಕಡೆ ನಿಂತಿದ್ದೇವೆಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಎರಡನೆಯ ಆಕ್ಷೇಪ

‘ರಕ್ಷಣೆ ಕೃಪೆಯಿಂದ. ಇಷ್ಟು ಅವಸರಿಸುವುದು ಪುಣ್ಯ ಗಳಿಸುವ ಪ್ರಯತ್ನವಲ್ಲವೇ?’

ಸಮಾಧಾನ: ಯೇಸುವನ್ನು ಕಾಣಲು ಮರ ಹತ್ತಿದ ಸುಂಕದವ ಜಕ್ಕಾಯನನ್ನು ನೋಡಿ (ಲೂಕ 19). ಅವನು ಏನನ್ನೂ ಕೊಡುವ ಮುಂಚೆಯೇ ಯೇಸು ಅವನ ಹೆಸರು ಹಿಡಿದು ಕರೆದು, ಅವನ ಮನೆಯಲ್ಲಿ ಇಳಿದುಕೊಳ್ಳುವುದಾಗಿ ಹೇಳಿದನು. ಜಕ್ಕಾಯ ಬೇಗನೆ ಮರದಿಂದ ಇಳಿದ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟನ್ನು ಕೊಡುತ್ತೇನೆಂದ. ಕೃಪೆ ಮುಂದೆ ಬಂತು, ಅವಸರ ಅದರ ಹಿಂದೆ ಬಂತು. ಸಂತೋಷಪಟ್ಟವನ ಅವಸರಕ್ಕೆ ಲೆಕ್ಕಾಚಾರ ಗೊತ್ತಿಲ್ಲ.

ಮೂರನೆಯ ಆಕ್ಷೇಪ

‘ಮೊದಲು ಒಲ್ಲೆನೆಂದು ಆಮೇಲೆ ದ್ರಾಕ್ಷಿತೋಟಕ್ಕೆ ಹೋದ ಮಗನನ್ನೇ ಯೇಸು ಮೆಚ್ಚಲಿಲ್ಲವೇ?’

ಸಮಾಧಾನ: ಮೆಚ್ಚಿದ್ದು ಅವನು ಹೋದದ್ದನ್ನು, ತಡಮಾಡಿದ್ದನ್ನಲ್ಲ. ತಪ್ಪಿದವರಿಗೆ ಮರಳುವ ಬಾಗಿಲು ತೆರೆದೇ ಇದೆ, ಅದು ನಿಜ. ಆದರೆ ಅರಣ್ಯಕಾಂಡದ 14ನೇ ಅಧ್ಯಾಯವನ್ನೂ ಓದಬೇಕು. ದೇವರು ಕೊಡುತ್ತೇನೆಂದ ದೇಶವನ್ನು ಪ್ರವೇಶಿಸಲು ಒಪ್ಪದ ಇಸ್ರಾಯೇಲ್ಯರು ಮರುದಿನ ಬೆಳಿಗ್ಗೆ ತಾವಾಗಿಯೇ ಬೆಟ್ಟ ಹತ್ತಿದರು. ಅಷ್ಟರಲ್ಲಿ ಆಜ್ಞೆ ಬದಲಾಗಿತ್ತು. ಮೋಶೆ ಬೇಡವೆಂದರೂ ಕೇಳದೆ ಸೋತರು. ಕ್ಷಮೆ ನಾಳೆಯೂ ಸಿಕ್ಕೀತು. ಕಳೆದ ಅವಕಾಶ ಅದರ ಜೊತೆಗೇ ಮರಳುತ್ತದೆಂಬ ಭರವಸೆಯಿಲ್ಲ.

ಅಭ್ಯಾಸ

ಮಗನಾಗಿದ್ದರೂ ಕ್ರಿಸ್ತನು ವಿಧೇಯತೆಯನ್ನು ಕಲಿತನೆಂದು ಇಬ್ರಿಯರಿಗೆ ಬರೆದ ಪತ್ರ ಹೇಳುವಾಗ, ನಾವು ಕಲಿಯಬೇಕೆಂಬುದರಲ್ಲಿ ನಾಚಿಕೆಯೇನು? ದೊಡ್ಡ ಆಜ್ಞೆಯಲ್ಲಿ ಇಂದೇ ಮಾಡಬಹುದಾದ ಭಾಗವನ್ನು ಹುಡುಕಬೇಕು. ಸಾಲ ಪೂರ್ತಿ ತೀರಿಸಲಾಗದಿದ್ದರೆ ಕೊಟ್ಟವರಿಗೆ ಫೋನ್ ಮಾಡಿ ಸ್ಥಿತಿಯನ್ನಾದರೂ ತಿಳಿಸಬಹುದು. ಅಣ್ಣನೊಂದಿಗೆ ಮನಸ್ತಾಪವಿದ್ದರೆ ಕರ್ತನ ಭೋಜನಕ್ಕೆ ಮುನ್ನವೇ ಅವನ ಮನೆಗೆ ಹೋಗಬಹುದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗೆಂದ ಯೇಸುವಿಗೆ ಆರಾಧನೆ ತಡವಾದರೂ ಸಮಾಧಾನ ತಡವಾಗಬಾರದಿತ್ತು. ಚಿಕ್ಕದರಲ್ಲಿ ಹೀಗೆ ಪಳಗಿದ ಮನಸ್ಸು ದೊಡ್ಡ ಕರೆ ಬಂದಾಗ ನೆಪ ಹುಡುಕುವುದಿಲ್ಲ.

ನಿರ್ಣಯ

ಸ್ಪಷ್ಟವಾದ ಆಜ್ಞೆಗೆ ತಕ್ಕ ಕಾಲ ಇಂದು. ಪ್ರಾರ್ಥನೆ ಮುಗಿಸಿ ಏಳುವಾಗ ‘ನನಗಾಗಿ ಯಾರು ಕಾಯುತ್ತಿದ್ದಾರೆ?’ ಎಂದು ಕೇಳಿಕೊಂಡವರಿಗೆ ಆ ದಿನದ ಮೊದಲ ಕೆಲಸ ಯಾವುದೆಂದು ತಿಳಿಯುತ್ತದೆ.